ಸೋಂಪಿನ ಹಂಡೆಯಲ್ಲಿ ಪನ್ನೀರು

“ಮಿಲ್ಹೆಮ್ ಸಾಯೋ ದಿನ ಚರ್ಚಿನ ಗಂಟೆ ಬಾರಿಸೋದೇ ಬೇಡ. ಪೆಟ್ಟಿಗೆ ಬೀದಿಗೆ ಬಂದ್ರೆ ಸಾಕು, ಸೋಂಪಿನ ಘಮಲಿಗೇ ಊರೆಲ್ಲ ಎದ್ದು ಬರುತ್ತೆ.”

ಹೀಗನ್ನುತ್ತಿದ್ದವಳು ಎದುರು ಮನೆಯ ಉಮ್ ನಿಮ್ರ್. ಅಂದರೆ ನಿಮ್ರನ ತಾಯಿ. ಸ್ವಂತ ಹೆಸರು ಅವಳಿಗೇ ಮರೆತುಹೋದಂತಿತ್ತು. ಬೇಕಾ ಎಂಬ ಬಯಲಿನ ಅಂಚಿಗೆ ಬೆಟ್ಟಕ್ಕೆ ಒರಗಿ ಕೂತ ಆ ಊರಿನಲ್ಲಿ ಅವಳ ಆ ಮಾತು ಬೈಗುಳವಲ್ಲ, ಹೊಗಳಿಕೆ. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಅಲ್ಲಿ ಮನೆಮನೆಯಲ್ಲೂ ಭಟ್ಟಿ ಹೊತ್ತುತ್ತದೆ. ಆದರೂ ಮದುವೆಗೆ, ಹಬ್ಬಕ್ಕೆ ಜನ ಕೇಳಿಕೊಂಡು ಬರುತ್ತಿದ್ದುದು ಮಿಲ್ಹೆಮ್ ಇಳಿಸಿದ ಅರಕನ್ನೇ, ಸೋಂಪು ಹಾಕಿ ಭಟ್ಟಿ ಇಳಿಸಿದ ದ್ರಾಕ್ಷಿ ಸಾರಾಯಿಯನ್ನೇ. ಹಂಡೆಯ ಕೊಳವೆಯಿಂದ ಮೊದಲು ಬರುವ ಕೆಟ್ಟ ನೀರನ್ನು ಎಲ್ಲಿಯವರೆಗೆ ಚೆಲ್ಲಬೇಕು, ಒಳ್ಳೆಯದನ್ನು ಎಲ್ಲಿಂದ ಹಿಡಿಯಬೇಕು ಎನ್ನುವುದು ಅವನ ನಾಲಿಗೆಗೆ ಗೊತ್ತಿತ್ತು. ಹಾಗಾಗಿ ಅವನು ಕುಡುಕನಲ್ಲ, ರುಚಿ ನೋಡುವವನು. ಊರು ಹಾಗೆ ತೀರ್ಮಾನ ಮಾಡಿಬಿಟ್ಟಿತ್ತು. ಬೀದಿಯಲ್ಲಿ ತೂರಾಡಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ಅಂಥವನನ್ನು ಕುಡುಕನೆನ್ನಲು ಯಾರಿಗೆ ಬಾಯಿ ಬರುತ್ತದೆ?

ಅವನ ಅಕ್ಕ ವದೀಹಾಳಿಗೂ ಬರಲಿಲ್ಲ. ಮದುವೆಯಾಗದ ಅಕ್ಕ, ಮದುವೆಯಾಗದ ತಮ್ಮ, ಅಪ್ಪ ಬಿಟ್ಟುಹೋದ ತಾಮ್ರದ ಹಂಡೆ, ಇಷ್ಟೇ ಆ ಮನೆ. ಬೆಳಗ್ಗೆ ಎದ್ದಾಗ ಮಿಲ್ಹೆಮ್‌ನ ಕೈ ನಡುಗುತ್ತಿತ್ತು. ಕಾಫಿಯ ಪಕ್ಕದಲ್ಲಿ ಒಂದು ಪುಟ್ಟ ಲೋಟ ಅರಕನ್ನು ಅವಳೇ ಇಡುತ್ತಿದ್ದಳು. ಅದು ಒಳಗೆ ಹೋದ ಮೇಲೆ ಅವನ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಔಷಧಿಯೆಂದೇ ಅವಳು ತಿಳಿದಿದ್ದಳು.

ಒಂದು ಭಾನುವಾರ ನೆರೆಮನೆಯ ಘತ್ತಾಸನ ಮೊಮ್ಮಗಳಿಗೆ ದೀಕ್ಷಾಸ್ನಾನ. ಮಿಲ್ಹೆಮ್‌ನೇ ಧರ್ಮಪಿತ. ಮಗುವನ್ನು ಎತ್ತಿಕೊಂಡು ದೇವರ ಮುಂದೆ ನಿಲ್ಲುವ ದಿನ ಬಾಯಲ್ಲಿ ಅರಕಿನ ವಾಸನೆ ಇರಬಾರದೆಂದು ಅವನು ಅಂದು ಆ ಪುಟ್ಟ ಲೋಟವನ್ನು ಮುಟ್ಟಲಿಲ್ಲ. ಚರ್ಚಿನಲ್ಲಿ ಮಗು ಕೈಗೆ ಬಂದದ್ದೇ ತಡ, ತೋಳೆರಡೂ ಜ್ವರ ಬಂದವನಂತೆ ಅದುರತೊಡಗಿದವು. ಮಗು ಜಾರಿತು. ಪಾದ್ರಿ ಅರ್ಧದಲ್ಲಿ ಹಿಡಿದುಕೊಂಡರು. ಮಗುವಿನ ತಾಯಿ, ಘತ್ತಾಸನ ಸೊಸೆ, ಮಗುವನ್ನು ಪಾದ್ರಿಯ ಕೈಯಿಂದ ತೆಗೆದುಕೊಂಡವಳು ಮತ್ತೆ ಇವನ ಕೈಗೆ ಕೊಡಲಿಲ್ಲ.

ಮನೆಗೆ ಬಂದವನೇ ಮಿಲ್ಹೆಮ್ ಹೇಳಿದ: “ಅಕ್ಕಾ, ನಾಳೆಯಿಂದ ಆ ಲೋಟ ಇಡಬೇಡ.”

“ಕಾಫಿ ಜೊತೆದಾ?”

“ಎಲ್ಲಾದ್ರ ಜೊತೆದೂ.”

ಹಟಮಾರಿ ಮನುಷ್ಯ. ಬಿಟ್ಟೆ ಎಂದರೆ ಬಿಟ್ಟೆ. ಮರುದಿನ ಬೆವರಿದ, ಅದರ ಮರುದಿನ ಗೋಡೆಯ ಮೇಲೆ ಇರುವೆ ಹರಿಯುತ್ತಿದೆಯೆಂದು ಒರೆಸತೊಡಗಿದ. ಆಮೇಲೆ ಊಟದ ಮೇಜಿನ ಪಕ್ಕದಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡ. ಘತ್ತಾಸನ ಗಾಡಿಯಲ್ಲಿ ಅವನನ್ನು ಝಹ್ಲೆ ಪಟ್ಟಣದ ಆಸ್ಪತ್ರೆಗೆ ಹಾಕಿಕೊಂಡು ಹೋದರು.

ಅಲ್ಲಿ ನಿಸ್ರೀನ್ ಎಂಬ ಡಾಕ್ಟರು ಅವನ ಪ್ರಾಣ ಉಳಿಸಿದಳು. ಅವನು ಕಣ್ಣು ಬಿಟ್ಟು ಅನ್ನ ಕೇಳುವಷ್ಟು ಸುಧಾರಿಸಿದ ಮೇಲೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

“ಚಿಕ್ಕಪ್ಪ, ಹಾಗೆ ಏಕಾಏಕಿ ಬಿಡ್ತಾರಾ? ಸತ್ತೇ ಹೋಗ್ತಿದ್ರಿ.”

“ಕುಡಿದ್ರೂ ಸಾಯ್ತೀನಿ, ಬಿಟ್ರೂ ಸಾಯ್ತೀನಿ. ಇದ್ಯಾವ ನ್ಯಾಯ ಡಾಕ್ಟ್ರಮ್ಮ?”

“ಕೇಳಿ. ಮೆದುಳಿನ ಒಂದೊಂದು ಜೀವಕೋಶದ ಮೈಮೇಲೂ ಸಣ್ಣ ಸಣ್ಣ ಬಾಗಿಲುಗಳಿವೆ. ಕೆಲವು ತೆರೆದ್ರೆ ಜೀವಕೋಶ ತಣ್ಣಗಾಗುತ್ತೆ. ಕೆಲವು ತೆರೆದ್ರೆ ಕೆರಳುತ್ತೆ. ಅರಕು ಹೋಗಿ ತಣ್ಣಗೆ ಮಾಡೋ ಬಾಗಿಲನ್ನ ಅಗಲ ಹಿಡಿಯುತ್ತೆ, ಕೆರಳಿಸೋದನ್ನ ಅದುಮಿಡುತ್ತೆ. ಒಂದು ದಿನದ ಮಾತಾದ್ರೆ ಸರಿ. ವರ್ಷಗಟ್ಟಲೆ ಹೀಗಾದ್ರೆ ಮೆದುಳು ಸುಮ್ನೆ ಕೂರುತ್ತಾ? ತಣ್ಣಗೆ ಮಾಡೋಕೆ ಹೊರಗಿಂದ ಆಳು ಬರ್ತಾನಲ್ಲ ಅಂತ ತನ್ನ ತಣ್ಣನೆ ಬಾಗಿಲುಗಳನ್ನ ಮಂದ ಮಾಡ್ಕೊಳ್ಳುತ್ತೆ, ಕೆಲವನ್ನ ಒಳಗೇ ಎಳ್ಕೊಳ್ಳುತ್ತೆ. ಕೆರಳಿಸೋ ಬಾಗಿಲುಗಳನ್ನ ಇನ್ನಷ್ಟು ಕಟ್ಕೊಳ್ಳುತ್ತೆ. ನೀವು ಲೋಟ ಕೆಳಗಿಟ್ರಿ, ಆಳು ಬರಲಿಲ್ಲ. ಕೆರಳಿಸೋ ಬಾಗಿಲುಗಳು ಒಟ್ಟಿಗೇ ತೆರೆದ್ವು. ಬಿದ್ದು ಒದ್ದಾಡಿದ್ದು ಅದಕ್ಕೇ.”

ಮಂಚದ ಕಾಲ ಬುಡದಲ್ಲಿದ್ದ ವದೀಹಾ ಮುಂದೆ ಬಂದಳು. “ಬೆಳಗ್ಗೆ ನಾನು ಇಡ್ತಿದ್ದೆನಲ್ಲಮ್ಮ, ಪುಟ್ಟ ಲೋಟ. ಅದು ಕುಡಿದ್ರೆ ಕೈ ನಿಲ್ತಿತ್ತು.”

“ನಿಲ್ತಿತ್ತು, ನಿಜ. ಮಾರನೇ ಬೆಳಗ್ಗೆ ಮತ್ತೆ ನಡುಗೋ ಹಾಗೂ ಅದೇ ಮಾಡ್ತಿತ್ತು.”

ವದೀಹಾ ಸೆರಗಿನಂತೆ ಹೊದ್ದಿದ್ದ ಕರಿ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಮಿಲ್ಹೆಮ್ ಅವಳ ಕಡೆ ನೋಡಲಿಲ್ಲ. ನೋಡಿದರೆ ಅವಳು ಅತ್ತುಬಿಡುತ್ತಾಳೆಂದು ಅವನಿಗೆ ಗೊತ್ತಿತ್ತು.

“ಈಗ ಆ ಬಾಗಿಲುಗಳು ಸರಿಹೋಗ್ತವಾ?” ಎಂದು ಕೇಳಿದ.

“ಎಷ್ಟೋ ಮಟ್ಟಿಗೆ ಹೋಗ್ತವೆ, ಸಮಯ ಹಿಡಿಯುತ್ತೆ. ಆದ್ರೆ ಇನ್ನೊಂದಿದೆ. ಯಾವ ಬಾಗಿಲು ಎಷ್ಟು ಕಟ್ಟಬೇಕು ಅಂತ ಹೇಳೋವು ಜೀವಕೋಶದೊಳಗಿರೋ ವಂಶವಾಹಿಗಳು. ಬಹಳ ಕಾಲ ಕುಡಿದ್ರೆ ಅವುಗಳ ಸುತ್ತ ರಾಸಾಯನಿಕ ಗುರುತುಗಳು ಅಂಟ್ಕೊಳ್ಳುತ್ತವೆ. ವಂಶವಾಹಿ ಅದೇ ಇರುತ್ತೆ. ಆದ್ರೆ ಕೆಲವು ಜೋರಾಗಿ ಮಾತಾಡ್ತವೆ, ಕೆಲವು ಬಾಯಿ ಮುಚ್ಕೊಂಡು ಕೂರ್ತವೆ. ಆ ಗುರುತುಗಳಲ್ಲಿ ಎಷ್ಟು ಅಳಿಯುತ್ತೆ, ಎಷ್ಟು ಉಳಿಯುತ್ತೆ, ನಮಗೂ ಪೂರ್ತಿ ಗೊತ್ತಿಲ್ಲ. ಒಂದು ವಾಸನೆ ಸಾಕು ಚಿಕ್ಕಪ್ಪ, ಒಳಗೆ ಮಲಗಿದ್ದ ಆಸೆ ಎದ್ದು ಕೂರೋಕೆ.”

ಮಿಲ್ಹೆಮ್ ದಿಂಬಿಗೆ ಒರಗಿ ಎದ್ದು ಕೂತ. “ನಮ್ಮ ಹಂಡೆ ಇದ್ದ ಹಾಗಾಯ್ತು. ಸೋಂಪು ತಾಮ್ರಕ್ಕೇ ಕೂತುಬಿಟ್ಟಿದೆ.”

ನಿಸ್ರೀನ್ ನಕ್ಕಳು. ಅವಳೂ ಆ ಕಡೆಯ ಹುಡುಗಿಯೇ. “ನಮ್ಮಜ್ಜಿ ಪನ್ನೀರು ಇಳಿಸೋ ಹಂಡೇನ ಅರಕಿನವರ ಕೈಗೆ ಮುಟ್ಟೋಕೂ ಬಿಡ್ತಿರಲಿಲ್ಲ.”

ಯಾರೂ ಬಿಡುವುದಿಲ್ಲ. ಆ ಸೀಮೆಯಲ್ಲಿ ಎರಡು ಹಂಡೆ ಬೇರೆ ಬೇರೆ. ವಸಂತದಲ್ಲಿ ಗುಲಾಬಿಗೆ ಒಂದು, ಶರತ್ಕಾಲದಲ್ಲಿ ಅರಕಿಗೆ ಒಂದು. ಆದರೆ ಮಂಚದ ಮೇಲಿದ್ದ ಮನುಷ್ಯನ ತಲೆಗೆ ಆಗಲೇ ಒಂದು ಹುಳ ಹೊಕ್ಕಿತ್ತು.

ಮನೆಗೆ ಬಂದ ವಾರದಲ್ಲೇ ಘತ್ತಾಸ್ ಬಂದ. “ಹಂಡೆ ನನಗೆ ಕೊಟ್ಬಿಡೋ. ಕಣ್ಣೆದುರು ಇಟ್ಕೊಂಡು ಯಾಕೆ ಒದ್ದಾಡ್ತೀಯ?”

“ಹಂಡೆ ಕೊಡ್ತೀನಿ ಸರಿ, ತಲೇನ ಯಾರಿಗೆ ಕೊಡ್ಲಿ? ಅದರಲ್ಲೂ ಅದೇ ಕೂತಿದೆ. ಈ ಹಂಡೇಲೇ ಪನ್ನೀರು ಇಳಿಸ್ತೀನಿ ನೋಡ್ತಿರು.”

“ಅಯ್ಯೋ ನಿನ್ನ ಮನೆ ಕಾಯ! ಅರಕಿನ ಹಂಡೇಲಿ ಪನ್ನೀರಾ? ಬೀದಿ ನಾಯೀನೂ ಮೂಸಲ್ಲ.”

ಮಿಲ್ಹೆಮ್ ತನ್ನ ತೋಟದ ದ್ರಾಕ್ಷಿಯನ್ನು ಬಳ್ಳಿಯಲ್ಲಿರುವಾಗಲೇ ಪೇಟೆಯವರಿಗೆ ಮಾರಿದ. ಚಳಿಗಾಲವೆಲ್ಲ ಹಂಡೆ ತೊಳೆದ. ಬೂದಿ ಹಾಕಿ ಉಜ್ಜಿದ, ವಿನೆಗರ್ ಹಾಕಿ ಕುದಿಸಿದ, ಕೊಳವೆಯ ಬೆಸುಗೆ ಬಿಡಿಸಿ ಮತ್ತೆ ಹಾಕಿಸಿದ. ಮೇ ತಿಂಗಳಲ್ಲಿ ಅಕ್ಕ ತಮ್ಮ ಇಬ್ಬರೂ ಬಿಸಿಲು ಏರುವ ಮುನ್ನ ಗುಲಾಬಿ ಬಿಡಿಸಿ ತಂದು ಹಂಡೆಗೆ ತುಂಬಿ, ಸಂದುಗಳಿಗೆಲ್ಲ ಹಿಟ್ಟಿನ ಮುದ್ದೆ ಮೆತ್ತಿ, ಸಣ್ಣ ಉರಿ ಹಚ್ಚಿದರು. ತೊಟ್ಟಿಕ್ಕಿದ ಮೊದಲ ಹನಿಯನ್ನು ವದೀಹಾ ಅಂಗೈಗೆ ಹಿಡಿದು ಮೂಸಿದಳು. ಸೋಂಪು.

ಅವಳಿಗಿಂತ ಮೊದಲು ಆ ವಾಸನೆ ಅವನ ಮೂಗಿಗೆ ತಾಗಿತ್ತು. ಬಾಯಲ್ಲಿ ನೀರೂರಿತು, ಹಣೆಯ ಮೇಲೆ ಬೆವರು ಮೂಡಿತು. ಹಳೆಯ ಅರಕಿನ ಜಾಡಿಗಳು ಒಂದೂ ಮನೆಯಲ್ಲಿರಲಿಲ್ಲ; ಆದರೂ ಕಾಲು ತಾನಾಗಿಯೇ ನೆಲಮಾಳಿಗೆಯ ಕಡೆ ತಿರುಗಿತು. ಅವನು ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಕಲ್ಲನ್ನೇ ಹಿಡಿದುಕೊಂಡ.

“ಎದ್ದಿದೆಯಾ?” ಎಂದಳು ಅಕ್ಕ.

“ಎದ್ದಿದೆ.”

“ಕೂತಿರು ಹಾಗಾದ್ರೆ. ಅದು ಮಲಗೋವರೆಗೂ ನಾನೂ ಕೂತಿರ್ತೀನಿ.”

ಇಬ್ಬರೂ ಕೂತರು. ಅದು ಕೊನೆಗೆ ಮಲಗಿತು.

ಆ ವರ್ಷದ ಪನ್ನೀರನ್ನು ಉಮ್ ನಿಮ್ರ್ ದಾಕ್ಷಿಣ್ಯಕ್ಕೆ ಕೊಂಡುಹೋಗಿ ಬೀಗರು ಬಂದಾಗ ಹಾಲಿನ ಪಾಯಸಕ್ಕೆ ಹಾಕಿದಳು. ಬೀಗರ ಕಡೆಯ ಮುದುಕನೊಬ್ಬ ಎರಡು ಚಮಚ ತಿಂದು, “ಬಹಳ ರುಚಿಯಾಗಿದೆ ತಾಯಿ, ಇದಕ್ಕೆ ಮಾಂಸದ ಉಂಡೆ ಎಲ್ಲಿ?” ಎಂದನಂತೆ. ಅಲ್ಲಿ ಅರಕಿಗೆ ನಂಜಿಕೊಳ್ಳುವುದು ಅದನ್ನೇ. ಊರೆಲ್ಲ ನಕ್ಕಿತು. ಮಿಲ್ಹೆಮ್ ಎಲ್ಲರಿಗಿಂತ ಜೋರಾಗಿ ನಕ್ಕು ಮತ್ತೆ ಬೂದಿ ಕಲಸಿದ.

ಪ್ರತಿ ಮೇ ತಿಂಗಳೂ ಹೀಗೇ. ವಾಸನೆ ತೆಳುವಾಗುತ್ತ ಬಂತು. ಆದರೆ ಒಂದು ಅಕ್ಟೋಬರಿನಲ್ಲಿ, ಊರಿನ ಭಟ್ಟಿಗಳೆಲ್ಲ ಉರಿಯುತ್ತಿದ್ದಾಗ, ಗಾಳಿಯೇ ಸೋಂಪಾಗಿ ಹರಿಯುತ್ತಿದ್ದಾಗ, ಅವನು ಘತ್ತಾಸನ ಹಿತ್ತಲಿಗೆ ಹೋದವನು ಕುಡಿದ. ಒಂದು ಲೋಟವಲ್ಲ. ಘತ್ತಾಸನೇ ಹೆಗಲು ಕೊಟ್ಟು ಮನೆಗೆ ಕರೆತಂದ. ಬಾಗಿಲಲ್ಲಿ ವದೀಹಾಳ ಮುಂದೆ ತಲೆ ತಗ್ಗಿಸಿ, “ಒಂದು ತೊಟ್ಟು ರುಚಿ ನೋಡು ಅಂದವನು ನಾನೇ ಕಣೇ” ಎಂದ.

ಮರುದಿನ ಮಿಲ್ಹೆಮ್ ಗೋಡೆಗೆ ಮುಖ ಮಾಡಿ ಮಲಗಿದ್ದ. “ಹೋಯ್ತು ಅಕ್ಕಾ. ಎಲ್ಲ ಹೋಯ್ತು.”

ವದೀಹಾ ಬೈಯಲಿಲ್ಲ. ಕಾಫಿ ತಂದಳು, ಬರೀ ಕಾಫಿ. “ಹಂಡೇಲಿ ಸೋಂಪು ಬಂದ್ರೆ ಏನ್ಮಾಡ್ತೀಯ?”

“ತೊಳೀತೀನಿ.”

“ಹಂಡೇನ ಬೀದಿಗೆಸೀತೀಯಾ?”

“ಇಲ್ಲ.”

“ಎದ್ದೇಳು ಮತ್ತೆ. ಮುಖ ತೊಳ್ಕೋ. ಡಾಕ್ಟ್ರಮ್ಮನ ಹತ್ರ ಹೋಗೋಣ. ಈ ಸಲ ನಿನ್ನ ಹಟಕ್ಕೆ ಬಿಡಲ್ಲ, ಅವಳು ಹೇಳಿದ ಹಾಗೆ.”

ಅವಳು ಹೇಳಿದ ಹಾಗೆಯೇ ಆಯಿತು. ಮಾತ್ರೆ, ತಪಾಸಣೆ, ವಾರಕ್ಕೊಮ್ಮೆ ಅವನಂಥವರೇ ಕೂತು ಮಾತಾಡುವ ಕೋಣೆ. ಅಲ್ಲಿಂದ ಮುಂದೆ ಪ್ರತಿ ಶರತ್ಕಾಲದಲ್ಲೂ ಊರಿನ ಭಟ್ಟಿ ಹೊತ್ತುವ ಮೊದಲೇ ಮಿಲ್ಹೆಮ್ ಗಂಟು ಕಟ್ಟಿ, ಸಮುದ್ರದ ಕಡೆ ಇದ್ದ ಸೋದರತ್ತೆಯ ಮಗನ ಮನೆಗೆ ಹೋಗಿಬಿಡುತ್ತಿದ್ದ. “ಓಡಿಹೋದ ನೋಡ್ರೋ” ಎಂದು ಹಿಂದಿನಿಂದ ಯಾರಾದರೂ ಕೂಗಿದರೆ, “ಓಡೋಕೆ ಕಾಲು ಗಟ್ಟಿ ಇದೆಯಲ್ಲ, ಅದಕ್ಕೆ ಹೊಟ್ಟೆಕಿಚ್ಚಾ?” ಎನ್ನುತ್ತಿದ್ದ. ಇಂಥ ಎಷ್ಟೋ ಶರತ್ಕಾಲಗಳು ಉರುಳಿದವು. ಅವನು ಮತ್ತೆ ಮುಟ್ಟಲಿಲ್ಲ. ಘತ್ತಾಸನ ಮೊಮ್ಮಗಳು ತಕ್ಲಾ ಬೆಳೆದಳು. ಅವಳ ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಅತಿಥಿಗಳ ಮೇಲೆ ಚಿಮುಕಿಸಿದ್ದು ಮಿಲ್ಹೆಮ್‌ನ ಪನ್ನೀರು. ಆ ದಿನ ಅವಳ ತಾಯಿ ಬೆಳ್ಳಿಯ ಪನ್ನೀರುದಾನಿಯನ್ನು ತಾನಾಗಿಯೇ ಅವನ ಕೈಗಿಟ್ಟಳು. ಅವನ ಕೈ ಅಲುಗಲಿಲ್ಲ.

ಅವನು ತೀರಿಕೊಂಡದ್ದು ದ್ರಾಕ್ಷಿ ಕೊಯ್ಲಿನ ಕೊನೆಯ ದಿನಗಳಲ್ಲಿ, ಗಂಟು ಕಟ್ಟುತ್ತಿದ್ದಾಗಲೇ. ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆ ವರ್ಷ ಎಂದಿಗಿಂತ ಬೇಗ, ಹೊರಗೆ ಆಗಲೇ ಮೊದಲ ಭಟ್ಟಿಗಳು ಹೊತ್ತಿದ್ದವು.

ಮಾರನೇ ಮಧ್ಯಾಹ್ನ ನಡುಮನೆಯಲ್ಲಿ ಪೆಟ್ಟಿಗೆ. ಸುತ್ತ ಹೆಂಗಸರು, ಸಕ್ಕರೆ ಹಾಕದ ಕಾಫಿ. ಹೊರಲು ಬಂದ ಗಂಡಸರಲ್ಲಿ ಮುಂದೆ ನಿಂತವನು ಘತ್ತಾಸ್. ಬೆಳಗ್ಗೆಯೇ ತನ್ನ ಹಂಡೆಯ ಉರಿ ಆರಿಸಿ ಬಂದಿದ್ದ. ಅರ್ಧ ಇಳಿದ ಅರಕು ಹಾಗೇ ಕೆಟ್ಟುಹೋಗುತ್ತದೆಂದು ಗೊತ್ತಿದ್ದೂ. ಪೆಟ್ಟಿಗೆಯ ಹಿಡಿಗೆ ಕೈ ಹಾಕಿದವನು ಏನೋ ನೆನಪಾದಂತೆ ತನ್ನ ಅಂಗೈ ಮೂಸಿದ. ಸರ್ರನೆ ಹಿತ್ತಲಿನ ನಲ್ಲಿಗೆ ಹೋಗಿ ಸೋಪು ಹಾಕಿ ತೊಳೆದ, ಮೂಸಿದ, ಮತ್ತೆ ತೊಳೆದ.

“ಹೊತ್ತಾಯ್ತು ಘತ್ತಾಸ್!” ಎಂದು ಯಾರೋ ಕರೆದರು.

“ಆಗ್ಲಿ. ಇವನನ್ನ ಹೊರೋ ಕೈಲಿ ಅದು ಬೇಡ.”

ವದೀಹಾ ಕಪಾಟಿನಿಂದ ಆ ವರ್ಷದ ಪನ್ನೀರಿನ ಬಾಟಲಿ ತೆಗೆದಳು. ಪಕ್ಕದಲ್ಲಿದ್ದ ಉಮ್ ನಿಮ್ರ್ ಒಂದು ಹನಿಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಿದಳು. ಅವಳ ಕಣ್ಣು ತುಂಬಿತ್ತು, ಆದರೂ ಅವಳ ಬಾಯಿ ಅವಳದೇ. ಮೆಲ್ಲಗೆ ಅಂದಳು:

“ತಪ್ಪು ತಿಳ್ಕೋಬೇಡ ವದೀಹಾ... ತಳದಲ್ಲಿ ಸೋಂಪಿನ ಒಂದು ಎಳೆ, ಇನ್ನೂ ಇದೆ ಕಣೇ.”

“ಇದೆ. ನನಗೆ ಗೊತ್ತು, ಅವನಿಗೂ ಗೊತ್ತಿತ್ತು. ಪ್ರತಿ ವರ್ಷ ಇಬ್ರೂ ಮೂಸಿ ನೋಡ್ತಿದ್ವಿ. ಅದು ಹೋಗ್ಲಿಲ್ಲ. ಇವನೂ ಸೋಲಲಿಲ್ಲ.”

ಗಂಡಸರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ವದೀಹಾ ಬಾಗಿಲ ಪಕ್ಕಕ್ಕೆ ಸರಿದು ನಿಂತು ಬಾಟಲಿ ಬಗ್ಗಿಸಿದಳು. ಹೊಸ್ತಿಲ ಮೇಲೆ, ಪೆಟ್ಟಿಗೆಯ ಮೇಲೆ, ಘತ್ತಾಸನ ತೊಳೆದ ಕೈಗಳ ಮೇಲೆ ಪನ್ನೀರು ಬಿತ್ತು. ಸೋಂಪಿನ ಗಾಳಿ ತುಂಬಿದ್ದ ಬೀದಿಗೆ ಮಿಲ್ಹೆಮ್ ಗುಲಾಬಿಯ ಘಮಲಿನಲ್ಲಿ ಹೊರಟ.