ಎರಡು ಸಲ ಬಿದ್ದ ಎಳೆ

ಕಿತಾಗಾಕಿ ಯಸುವೊ ನನ್ನ ಪಕ್ಕದ ಮನೆಯವನು. ನಡುವೆ ಇರುವುದು ಒಂದು ಮಣ್ಣಿನ ಗೋಡೆ. ಅವನು ಸೀನಿದರೆ ನನಗೆ ಕೇಳಿಸುತ್ತದೆ. ನನ್ನ ಬಣ್ಣದ ಹಂಡೆಯ ವಾಸನೆ ಅವನ ಊಟದ ಕೋಣೆಗೆ ಹೋಗುತ್ತದೆ. ಕ್ಯೋಟೊದ ಈ ನಿಶಿಜಿನ್ ಕೇರಿಯಲ್ಲಿ ನಾವೆಲ್ಲ ಹೀಗೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೆಲಸ ಅಂಟಿಸಿಕೊಂಡೇ ಬದುಕಿದವರು. ನಾನು ರೇಷ್ಮೆ ನೂಲಿಗೆ ಬಣ್ಣ ಹಾಕುತ್ತೇನೆ. ಯಸುವೊ ಚಿತ್ರವನ್ನು ನೇಯ್ಗೆಗೆ ಇಳಿಸುತ್ತಾನೆ. ಹೊಕ್ಕಿನ ಎಳೆ ಎಲ್ಲಿ ಮೇಲೆ ಕಾಣಬೇಕು, ಎಲ್ಲಿ ಹಾಸಿನ ಕೆಳಗೆ ಅಡಗಬೇಕು ಎಂದು ಚೌಕ ಚೌಕವಾಗಿ ಗುರುತು ಮಾಡುವುದು ಅವನ ಕಸುಬು. ಆ ಗುರುತಿನಂತೆ ಮಗ್ಗ ಹಾಸನ್ನು ಎತ್ತಿಕೊಡುತ್ತದೆ, ನೇಕಾರರು ಲಾಳಿ ಹಾಯಿಸುತ್ತಾರೆ, ಕಿಮೊನೊದ ಮೇಲೆ ಸೊಂಟಕ್ಕೆ ಸುತ್ತುವ ಓಬಿ ತಯಾರಾಗುತ್ತದೆ.

ಅವನ ಅಪ್ಪನೂ ಇದೇ ಕೆಲಸ ಮಾಡಿದವರು, ಕುಂಚ ಹಿಡಿದು, ಚೌಕದ ಹಾಳೆಯ ಮೇಲೆ. ಯಸುವೊ ಇಪ್ಪತ್ತರ ಹರೆಯದಲ್ಲಿ ಕಂಪ್ಯೂಟರ್ ತಂದಾಗ ಅಪ್ಪ ಮಗನ ನಡುವೆ ಮಾತು ನಿಂತುಹೋಗಿತ್ತು. ಆದರೆ ಆ ಕಂಪ್ಯೂಟರಿನಲ್ಲಿದ್ದ ವಿನ್ಯಾಸದ ಪ್ರೋಗ್ರಾಂ ಬಲು ಚೆನ್ನಾಗಿತ್ತು. ನಮ್ಮ ಕೇರಿಯ ಕೆಲಸ ಬಲ್ಲವರೇ ಕೂತು ಬರೆಸಿದ್ದು. ಕೊನೆಗೆ ಅಪ್ಪನೂ ಕಾಲು ಮಡಚಿ ಅದರ ಮುಂದೆ ಕೂತರು.

ವರ್ಷಗಳು ಹೋದವು. ಪ್ರೋಗ್ರಾಂ ಬರೆದ ಕಂಪನಿ ಬಾಗಿಲು ಹಾಕಿತು. ಆ ಜಾತಿಯ ಕಂಪ್ಯೂಟರುಗಳನ್ನು ಮಾಡುವುದೂ ನಿಂತಿತು. ಯಸುವೊನ ಯಂತ್ರ ಒಮ್ಮೊಮ್ಮೆ ಚಾಲೂ ಆಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಬಿಸಿಯಾದರೆ ಸುಟ್ಟ ವಾಸನೆ. ಅಂಗಡಿಯಲ್ಲಿ ಸಿಗುವ ಹೊಸ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬೇರೆ, ಅದಕ್ಕೆ ಈ ಹಳೆಯ ಪ್ರೋಗ್ರಾಂ ತಲೆಬುಡ ತಿಳಿಯದು.

ಯಸುವೊ ಹಟಮಾರಿ. ಹೊಸ ಕಂಪ್ಯೂಟರು ತಾನೇ ಹಳೆಯ ಕಂಪ್ಯೂಟರು ಎಂಬಂತೆ ನಟಿಸುವ ಹಾಗೆ ಮಾಡುವ ತಂತ್ರಾಂಶವೊಂದಿದೆ ಎಂದು ಎಲ್ಲೋ ಓದಿದ. ಒಂದಿಡೀ ಚಳಿಗಾಲ, ಅಡಿಯಲ್ಲಿ ಕಾವಿರುವ ಕೊಟಟ್ಸು ಮೇಜಿನ ಕಂಬಳಿಯೊಳಗೆ ಕಾಲು ತೂರಿಸಿಕೊಂಡು, ಯಾರ್ಯಾರನ್ನೋ ಕೇಳಿ, ಬೈಸಿಕೊಂಡು, ಅಂತೂ ಮಾಡಿ ಮುಗಿಸಿದ. ಹೊಸ ತೆರೆಯ ಮೇಲೆ ಆ ಹಳೆಯ ಹಸಿರು ಅಕ್ಷರಗಳು ಮೂಡಿದ ಬೆಳಿಗ್ಗೆ ಗೋಡೆ ಬಡಿದು ನನ್ನನ್ನು ಕರೆದ.

"ನೋಡಯ್ಯಾ! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಪಾಪ, ಆ ಪ್ರೋಗ್ರಾಂಗೆ ತಾನು ಮನೆ ಬದಲಾಯಿಸಿದ್ದೇ ಗೊತ್ತಿಲ್ಲ!"

ಈ 'ವ್ಯತ್ಯಾಸ ಇಲ್ಲ' ಎಂಬ ಮಾತನ್ನು ಕೇರಿಯ ನೇಯ್ಗೆ ಸಂಘದ ಸಭೆಯಲ್ಲೂ ಹೇಳಿದ, ಊರವರೆಲ್ಲ ಹೋಗುವ ಸ್ನಾನದ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಕೂತೂ ಹೇಳಿದ. ಹಳೆಯ ಯಂತ್ರ ಕೈಕೊಟ್ಟ ಬೇರೆ ವಿನ್ಯಾಸಗಾರರು ತಮ್ಮ ಕೆಲಸವನ್ನೂ ಅವನ ಬಳಿ ತರತೊಡಗಿದರು. ಅವನ ನಡಿಗೆಯೇ ಬದಲಾಯಿತು ಎಂದು ಹೆಂಡತಿ ಇಕುಯೊ ನಗುತ್ತಿದ್ದಳು.

ಹೊಸ ಕಂಪ್ಯೂಟರಿನಲ್ಲಿ ಅವನು ಮಾಡಿದ ಮೊದಲ ದೊಡ್ಡ ವಿನ್ಯಾಸ, ಜೊಂಡಿನ ನಡುವಿಂದ ಏಳುವ ಹೆಬ್ಬಾತುಗಳು. ಅದನ್ನು ನೇಯಲು ಕೊಟ್ಟದ್ದು ಫುಸಾನೊ ಅವರಿಗೆ. ಎಂಬತ್ತರ ಹತ್ತಿರದ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ, ಮುಂಗೋಣೆಯ ಗುಂಡಿಮಗ್ಗವೇ ಸಂಸಾರ. ಕೇರಿಯಲ್ಲಿ ಕೈಮಗ್ಗದ ಮಾತು ಬಂದರೆ ಮೊದಲು ಬರುವ ಹೆಸರು ಅವರದು. ಯಸುವೊ ಎಳೆಯನಾಗಿದ್ದಾಗ ಮಾಡಿದ ಮೊಟ್ಟಮೊದಲ ವಿನ್ಯಾಸದಲ್ಲಿ ತಪ್ಪಿತ್ತು. ಆಗ ಫುಸಾನೊ ಅದನ್ನು ಮಗ್ಗದ ಮೇಲೇ ಸರಿಪಡಿಸಿ, ಕೆಲಸ ಕೊಟ್ಟ ಓಬಿ ಮನೆಗೆ, ಅಂದರೆ ಓಬಿ ನೇಯಿಸಿ ಮಾರುವ ಕಂಪನಿಗೆ, ಒಂದು ಮಾತೂ ತಿಳಿಯದಂತೆ ನೋಡಿಕೊಂಡಿದ್ದರು.

ಹೆಬ್ಬಾತಿನ ಓಬಿ ವಾಪಸು ಬಂತು. ಒಂದು ಹಕ್ಕಿಯ ಕೊರಳಿನಲ್ಲಿ ಸಣ್ಣ ಮೆಟ್ಟಿಲಿನಂಥ ಕೊಂಕು. ಒಂದೇ ಹೊಕ್ಕಿನ ಸಾಲು ಎರಡು ಸಲ ಬಿದ್ದರೆ ಹಾಗಾಗುತ್ತದೆ. ಅದು ನೇಕಾರರ ತಪ್ಪು, ಕಾಲಿನ ಲೆಕ್ಕ ತಪ್ಪಿದಾಗ ಆಗುವಂಥದು. ಓಬಿ ಮನೆಯ ಮೇಲ್ವಿಚಾರಕ ಹಿಬಿನೊ ಬೈಯುವವರಲ್ಲ, ಕ್ಯೋಟೊದವರು ಬೈಯುವುದಿಲ್ಲ, ಹೆಸರಿಗೆ ಮರ್ಯಾದೆಯ 'ಹಾನ್' ಸೇರಿಸಿಯೇ ಚುಚ್ಚುತ್ತಾರೆ.

"ಫುಸಾನೊ ಹಾನ್, ಈ ಹೆಬ್ಬಾತಿಗೂ ವಯಸ್ಸಾಯ್ತು ಅಂತ ಕಾಣುತ್ತೆ. ಕತ್ತು ಉಳುಕಿಸ್ಕೊಂಡಿದೆ," ಎಂದು ನಕ್ಕರು.

ಫುಸಾನೊ ಮತ್ತೆ ನೇಯಲು ಒಪ್ಪಿದರು. ಆದರೆ ಅದೇ ಓಬಿಯ ಇನ್ನೊಂದು ಹಕ್ಕಿಯ ರೆಕ್ಕೆಯಲ್ಲೂ ಅಂಥದೇ ಕೊಂಕು ಇದೆಯೆಂದು ಹಿಬಿನೊ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿದರಂತೆ, ಮತ್ತೆ ಹಾಕಿಕೊಳ್ಳಲಿಲ್ಲವಂತೆ. ಇಷ್ಟಕ್ಕೆ ನಿಲ್ಲಿಸುತ್ತೇನೆ ಎಂದು ಅಲ್ಲೇ ಹೇಳಿದರು.

ಸುದ್ದಿ ಕೇಳಿದ ಯಸುವೊ ನನ್ನೆದುರು ಅಂದ, "ಏನ್ ಮಾಡೋಕಾಗುತ್ತೆ, ವಯಸ್ಸು." ಅಂದನಾದರೂ ಒಳಗೆ ಏನೋ ಚುಚ್ಚಿತು. ಒಂದೇ ಜಾತಿಯ ತಪ್ಪು ಎರಡು ಕಡೆ. ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಹಳೆಯ ಯಂತ್ರವನ್ನು ಎಳೆದು ಸ್ವಿಚ್ ಹಾಕಿದ. ಅಂದು ಅದು ಚಾಲೂ ಆಯಿತು. ಮಗ್ಗದ ಮೇಲಿನ ಯಂತ್ರ ಓದಲೆಂದು ಗುರುತುಗಳನ್ನು ತುಂಬಿ ಕೊಟ್ಟಿದ್ದ ಡಿಸ್ಕನ್ನು ಅದರೊಳಗೆ ಹಾಕಿ ಸಾಲು ಸಾಲಾಗಿ ಓದಿದ.

ಕೊರಳಿನಲ್ಲಿ ಒಂದು ಸಾಲು ಎರಡು ಸಲ ಇತ್ತು. ರೆಕ್ಕೆಯಲ್ಲೂ ಇತ್ತು.

ಆಗಿದ್ದು ಇಷ್ಟೆ. ಹಳೆಯ ಪ್ರೋಗ್ರಾಂ ಒಂದು ಸಾಲನ್ನು ಡಿಸ್ಕಿಗೆ ಕಳಿಸಿ, ಅದು ಬರೆದು ಮುಗಿಯಲಿ ಎಂದು ತನ್ನಷ್ಟಕ್ಕೆ ಎಣಿಸುತ್ತ ಕಾಯುತ್ತಿತ್ತು. ಹಳೆಯ ಯಂತ್ರದಲ್ಲಿ ಆ ಎಣಿಕೆಗೆ ಹದವಾದ ಹೊತ್ತು ಹಿಡಿಯುತ್ತಿತ್ತು. ಹೊಸದು ಕಣ್ಣುಮುಚ್ಚಿ ತೆರೆಯುವುದರೊಳಗೆ ಎಣಿಸಿ ಮುಗಿಸುತ್ತಿತ್ತು. ಹಾಗಾಗಿ ಅಪರೂಪಕ್ಕೊಮ್ಮೆ ಹೊಸ ಸಾಲಿನ ಜಾಗದಲ್ಲಿ ಹಿಂದಿನ ಸಾಲೇ ಇನ್ನೊಮ್ಮೆ ಹೋಗಿ ಕೂರುತ್ತಿತ್ತು. ತೆರೆಯ ಮೇಲೆ ನೋಡಿದರೆ ಎಲ್ಲವೂ ಸರಿ. ಫುಸಾನೊ ಮಗ್ಗ ಹೇಳಿದಂತೆಯೇ, ಒಂದು ಎಳೆ ತಪ್ಪದೆ ನೇಯ್ದಿದ್ದರು.

ಯಸುವೊ ಇನ್ನೂ ಆ ತೆರೆಯ ಮುಂದೆಯೇ ಕೂತಿದ್ದ. ಮುಂಬಾಗಿಲು ಸರಿದ ಸದ್ದಾಯಿತು.

"ಇದ್ದೀಯೇನಪ್ಪಾ ಯಸುವೊ?"

ಫುಸಾನೊ. ಒಳ್ಳೆಯ ಕಿಮೊನೊ ಉಟ್ಟು, ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ಹಿಡಿದು ಬಂದಿದ್ದರು. ಜೂನ್ ತಿಂಗಳ ಕೊನೆ. ಡಬ್ಬಿಯಲ್ಲಿ ಮಿನಾಜುಕಿ, ಅಕ್ಕಿಹಿಟ್ಟಿನ ಬಿಳಿ ತುಂಡಿನ ಮೇಲೆ ಸಿಹಿ ಕೆಂಪುಕಾಳು ಕೂರಿಸಿದ್ದು. ಹೊಸ್ತಿಲ ಹತ್ತಿರವೇ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದರು.

"ಅಷ್ಟು ಚೆಂದದ ವಿನ್ಯಾಸ ನಿಂದು, ಹಾಳು ಮಾಡ್ಬಿಟ್ಟೆ. ನಿನ್ನ ಹೆಸರಿಗೂ ಮಸಿ ಬಳಿದೆ. ನಿಮ್ಮಪ್ಪ ಇದ್ದಿದ್ರೆ ಯಾವ ಮುಖ ತೋರಿಸ್ತಿದ್ದೆ ನಾನು?"

"ಏಳಿ ಫುಸಾನೊ ಹಾನ್, ಏಳಿ, ಹಾಗೆಲ್ಲ ಮಾಡಬೇಡಿ," ಎಂದ ಯಸುವೊ.

ನಿಜ ಬಾಯಿಗೆ ಬಂದಿತ್ತು ಎಂದು ಆಮೇಲೆ ನನ್ನ ಬಳಿ ಹೇಳಿದ. ಆದರೆ ಅದರ ಜೊತೆಗೇ ಸಂಘದ ಸಭೆಯೂ ಕಣ್ಣಿಗೆ ಬಂತು. ಅವನನ್ನು ನಂಬಿ ಕೆಲಸ ತಂದವರು, ವ್ಯತ್ಯಾಸ ಇಲ್ಲ ಎಂದು ತಾನೇ ಹೇಳಿಕೊಂಡು ತಿರುಗಿದ್ದು, ಎಲ್ಲ. ಡಬ್ಬಿ ತೆಗೆದುಕೊಂಡ. ಅವರು ಹೋದ ಮೇಲೆ ಇಕುಯೊ ತಟ್ಟೆಗೆ ಹಾಕಿ ತಂದಳು. ತಿಂದ.

ಹೊಸ ಕಂಪ್ಯೂಟರಿನ ವೇಗ ಇಳಿಸಿ ಆ ದೋಷವನ್ನು ಸದ್ದಿಲ್ಲದೆ ಸರಿಪಡಿಸಿದ. ಉಳಿದವರ ಡಿಸ್ಕುಗಳನ್ನೂ ಏನೋ ನೆಪ ಹೇಳಿ ತರಿಸಿ ತಿದ್ದಿದ. ಇನ್ನು ಯಾರಿಗೂ ತೊಂದರೆಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆದರೆ ಫುಸಾನೊ ಮಗ್ಗ ಬಿಚ್ಚಿಸಲು ಆಳು ಕರೆದರು. ಕೇರಿಯ ರೂಢಿಯಂತೆ ನಾವೆಲ್ಲ ಕೈಜೋಡಿಸಲು ಹೋದೆವು. ಯಸುವೊನೂ ಬಂದ. ಬೇಡವೆಂದರೂ ಕೇಳದೆ ಎಲ್ಲಕ್ಕಿಂತ ಭಾರದ ತೊಲೆಗಳಿಗೆ ಅವನೇ ಹೆಗಲು ಕೊಟ್ಟ. ಸೌದೆಯಾಗಲು ಹೊರಟ ತೊಲೆಗಳು, ಒಂದು ಕಡೆ ಫುಸಾನೊ ಅವರ ತೊಡೆ ಸವರಿ ಸವರಿ ಕನ್ನಡಿಯಂತಾಗಿದ್ದವು. ಸಂಜೆ ಅವನ ಬೆನ್ನು ಹಿಡಿದುಕೊಂಡಿತು. ಫುಸಾನೊ ತಾವೇ ಅಂಗಿ ಎತ್ತಿಸಿ ನೋವಿನ ಪಟ್ಟಿ ಅಂಟಿಸಿದರು.

ಮಗ್ಗ ಹೋದ ಮೇಲೆ ಅವರು ಬೇಗ ಬೇಗ ಮುದುಕಿಯಾದರು. ಸೂಜಿಗೆ ದಾರ ಪೋಣಿಸಲು ನನ್ನ ಹೆಂಡತಿಯ ಬಳಿ ಬರತೊಡಗಿದರು. ಅಡುಗೆಗೆ ಚಾಕು ಹಿಡಿಯಲು ಹೆದರಿದರು. ಹಿಂದೆ ಸರಸರ ನಡೆದು ಹೋಗುತ್ತಿದ್ದ ಬೀದಿಯನ್ನು ದಾಟಲು, ಕೈಕೋಲು ಹಿಡಿದು, ಯಾರಾದರೂ ಬರಲಿ ಎಂದು ಅಂಚಿನಲ್ಲಿ ನಿಲ್ಲುತ್ತಿದ್ದರು.

ಹಾಗೆ ನಿಂತದ್ದನ್ನು ಯಸುವೊ ಒಂದು ಬೆಳಿಗ್ಗೆ ನೋಡಿದ. ಇವನನ್ನು ಕಂಡು ಅವರು ಕೈ ಚಾಚಿದರು.

"ನೀನು ಸಿಕ್ಕಿದ್ದು ಒಳ್ಳೇದಾಯ್ತು. ಸ್ವಲ್ಪ ದಾಟಿಸಪ್ಪ. ಈ ಕಣ್ಣನ್ನ ನಂಬೋಹಾಗಿಲ್ಲ."

ದಾಟಿಸಿದ. ಮನೆಗೆ ಬಂದು ಇಕುಯೊಗೆ ಎಲ್ಲ ಹೇಳಿದ. ಅವಳು ಒಂದೇ ಮಾತು ಕೇಳಿದಳು, "ಮತ್ತೆ ಇಲ್ಯಾಕೆ ಕೂತಿದ್ದೀರಿ?"

ಫುಸಾನೊ ಅವರ ಮುಂಗೋಣೆಯಲ್ಲಿ ಮಗ್ಗದ ಗುಂಡಿಗೆ ಹಲಗೆ ಹಾಸಿತ್ತು. ಆ ಹಲಗೆಯ ಮೇಲೆ ಮಂಡಿಯೂರಿ ಯಸುವೊ ಹೇಳಿದ. ತಲೆ ಎತ್ತಲಿಲ್ಲ. ಅವರು ಕೆಟಲಿನಿಂದ ನೀರು ಬಗ್ಗಿಸಿ ಚಹಾ ಮಾಡಿದರು. ಅವನ ಮುಂದೆ ಇಡಲಿಲ್ಲ.

"ನಿಂಗೆ ಗೊತ್ತಾಗಿದ್ದು ಯಾವಾಗ?"

"ನೀವು ಸಿಹಿ ತಂದ ದಿನ."

"ತರೋಕೆ ಮುಂಚೆಯೋ, ಆಮೇಲೋ?"

"...ಮುಂಚೆ."

"ತಿಂದ್ಯಾ?"

"ತಿಂದೆ."

"ರುಚಿಯಾಗಿತ್ತಾ?"

ಫುಸಾನೊ ಚಹಾದ ಬಟ್ಟಲನ್ನು ತಮ್ಮ ಕಡೆಗೇ ಸರಿಸಿಕೊಂಡರು.

"ಕಣ್ಣಿನ ಡಾಕ್ಟ್ರು ಹೇಳ್ದ, ಅಜ್ಜೀ ನಿಮ್ಮ ಕಣ್ಣು ಚೆನ್ನಾಗೇ ಇದೆ ಅಂತ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಾನೆ ಅಂದ್ಕೊಂಡು ಮತ್ತೆ ಅವನ ಹತ್ರ ಹೋಗ್ಲೇ ಇಲ್ಲ. ಮಗ್ಗ ಹೋದ್ರೆ ಹೋಗ್ಲಿ, ಹೇಗೂ ಒಂದಿನ ಹೋಗೋದೇ. ಆದ್ರೆ ಯಸುವೊ, ಇಷ್ಟು ತಿಂಗಳು ನಾನು ನನ್ನ ಕೈಯನ್ನೇ ಕಳ್ಳನ ಥರ ನೋಡ್ದೆ. ಅನ್ನ ಬಡಿಸ್ಕೊಳ್ಳುವಾಗ್ಲೂ ಅನುಮಾನ. ಬೆನ್ನಿಗೆ ಪಟ್ಟಿ ಬೇರೆ ಹಚ್ಚಿದ್ನಲ್ಲೋ ನಿಂಗೆ!"

ಅವನು ಹಣೆಯನ್ನು ಹಲಗೆಗೆ ಒತ್ತಿದ.

"ನನ್ನ ಮುಂದೆ ಬಗ್ಗಿದ್ರೆ ಏನು ಬಂತು? ಎಲ್ಲಿ ನನ್ನ ಹೆಸರು ಹೋಯ್ತೋ ಅಲ್ಲಿ ಹೋಗಿ ಹೇಳು."

ಹೋದ. ಹಿಬಿನೊ ಮುಂದೆ, ಆಮೇಲೆ ಸಂಘದ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿದ. ನಾನೂ ಅಲ್ಲಿದ್ದೆ. ಹಿಬಿನೊ ಎಂದಿನಂತೆ ಮೃದುವಾಗಿ ಅಂದರು, "ಹೌದಾ? ನಾನು ಹೆಬ್ಬಾತಿಗೆ ವಯಸ್ಸಾಗಿದೆ ಅಂದ್ಕೊಂಡಿದ್ದೆ. ಮೊಟ್ಟೆಯೇ ಕೆಟ್ಟಿತ್ತು ಅನ್ನಿ." ಯಾರೂ ನಗಲಿಲ್ಲ. ಯಸುವೊನ ಕಿವಿ ಕೆಂಪಾದದ್ದು ಹಿಂದಿನ ಸಾಲಿಗೂ ಕಾಣಿಸಿತು.

ಹಿಬಿನೊ ಮರುದಿನವೇ ಫುಸಾನೊ ಅವರ ಮನೆಗೆ ಹೋಗಿ ತಾವೂ ತಲೆ ಬಗ್ಗಿಸಿದರು. ಓಬಿ ಮನೆಯ ಕಾರ್ಖಾನೆಯಲ್ಲಿ ಖಾಲಿಯಿದ್ದ ಒಂದು ಮಗ್ಗವನ್ನು ಬಿಟ್ಟುಕೊಟ್ಟರು. ಆ ಮಗ್ಗ ಎತ್ತರ, ತನಗೆ ಹೊಂದುವುದಿಲ್ಲ ಎಂದು ಫುಸಾನೊ ಇಂದಿಗೂ ಗೊಣಗುತ್ತಾರೆ, ಆದರೂ ಬೆಳಿಗ್ಗೆ ಹೋಗಿ ನೇಯುತ್ತಾರೆ. ಕೈಕೋಲು ಬಾಗಿಲ ಹಿಂದೆ ಸೇರಿತು. ವಿನ್ಯಾಸ ಮಾತ್ರ ಬೇರೆಯವರದು. ಯಸುವೊ ಮಾಡಿದ್ದು ಬೇಡ ಎಂದು ಅವರು ಬಾಯಿಬಿಟ್ಟು ಹೇಳಿಲ್ಲ. ಹಿಬಿನೊ ಕೊಡುವುದೂ ಇಲ್ಲ.

ಯಸುವೊನ ಬಳಿ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ ಬಿಟ್ಟುಹೋದರು. ಉಳಿದವರ ಕೆಲಸವನ್ನು ಅವನು ಈಗಲೂ ಆ ನಟಿಸುವ ಕಂಪ್ಯೂಟರಿನಲ್ಲೇ ಮಾಡುತ್ತಾನೆ, ಬೇರೆ ದಾರಿಯಿಲ್ಲ. ಆದರೆ ಡಿಸ್ಕು ಕಳಿಸುವ ಮುಂಚೆ ಒಂದೊಂದೇ ಸಾಲನ್ನು ಬಾಯಲ್ಲಿ ಓದಿ ಹೋಲಿಸುತ್ತಾನೆ. ಆ ಗುಣುಗುಣು ಗೋಡೆಯಾಚೆ ನನಗೆ ಕೇಳಿಸುತ್ತಿರುತ್ತದೆ.

ಮರುವರ್ಷ, ಈ ಆಗಸ್ಟಿನಲ್ಲಿ, ಓಣಿಯ ಜಿಜೊ ದೇವರ ಹಬ್ಬಕ್ಕೆ ಎಲ್ಲರೂ ಚಾಪೆ ಹಾಕಿಕೊಂಡು ಕೂತಿದ್ದೆವು. ಫುಸಾನೊ ಕಲ್ಲಂಗಡಿ ಹೆಚ್ಚಿ ಹಂಚುತ್ತ ಬಂದರು. ಯಸುವೊನ ಮುಂದೆ ನಿಂತು ಒಂದು ಹೋಳು ಕೊಟ್ಟರು.

"ಬೀಜ ನೋಡ್ಕೊಂಡು ತಿನ್ನು," ಎಂದು ಮುಂದಕ್ಕೆ ಹೋದರು.

ಹೋಳು ಕೈಯಲ್ಲೇ ಹಿಡಿದು ಯಸುವೊ ನನ್ನತ್ತ ಬಾಗಿದ. "ಅದು ಚುಚ್ಚಿದ್ದಾ, ಉಪಚಾರವಾ?"

"ನಂಗೇನು ಗೊತ್ತು," ಎಂದೆ. "ಹೋಗಿ ಕೇಳು."

ಅವನು ಕೇಳಲಿಲ್ಲ. ರಸ ಮೊಣಕೈವರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳದೆ ಕೂತಿದ್ದ.