ಬೇಳೆ ಬೇಯುವ ನೀರು

“ಮನೆಯ ಹಿತ್ತಲಲ್ಲಿ ಕನ್ನಡಿಯಂಥ ಬಾವಿ ನೀರಿತ್ತು. ಸೊಸೆ ಅದನ್ನು ಬಿಟ್ಟು ಕುಂಟೆಯಿಂದ ಪಾಚಿ ನೀರು ಹೊತ್ತು ತಂದಳು. ಆ ನೀರು ಗಂಡನನ್ನು ತಿಂದಿತು.”

ನನ್ನ ಅಣ್ಣನ ಸಾವನ್ನು ನಮ್ಮ ಬಳಗದಲ್ಲಿ ಇಂದಿಗೂ ಹೀಗೆ ಹೇಳುತ್ತಾರೆ. ಮೊದಲು ಹೇಳಿದವರು ವಿಲ್ಸನ್ ಗಾರ್ಡನ್ನಿನಲ್ಲಿದ್ದ ನಮ್ಮ ಸೋದರತ್ತೆ. ಅವರು ತೀರಿಹೋಗಿ ಬಹುಕಾಲವಾಗಿದ್ದರೂ ಮದುವೆಯ ಮನೆಗಳಲ್ಲಿ, ಅಣ್ಣನನ್ನು ಕಣ್ಣಿನಿಂದ ಕಂಡಿರದವರೂ ಸಹ, ಪಕ್ಕದಲ್ಲೇ ನಿಂತು ಕಂಡವರಂತೆ ಹೇಳುವುದನ್ನು ಕೇಳಿದ್ದೇನೆ. ನಾನು ಇದನ್ನು ಅಂದು ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಹಿರಿಯರು ಹೇಳಿದರು ಎಂಬುದು ನನಗೆ ಎಂದೂ ಪುರಾವೆಯಾಗಿ ಕಂಡಿಲ್ಲ. ಈಗ ನಾನೇ ಹಿರಿಯನಾಗಿರುವುದರಿಂದ ನನ್ನ ಮಾತಿಗೂ ಅದೇ ನಿಯಮ ಅನ್ವಯಿಸುತ್ತದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ಜಯನಗರದ ದಕ್ಷಿಣದ ಅಂಚು ಎಂದರೆ ಊರಿನ ಅಂಚು. ನಮ್ಮ ಮನೆಯ ಸಾಲಿಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಹಿತ್ತಲಿನ ಬಾವಿಯ ನೀರು ನಿಜವಾಗಿಯೂ ತಿಳಿಯಾಗಿತ್ತು, ಆದರೆ ಗಡಸು. ಸಾಬೂನು ಉಜ್ಜಿದರೆ ನೊರೆ ಬರುತ್ತಿರಲಿಲ್ಲ; ತೊಗರಿಬೇಳೆಯನ್ನು ಒಂದು ಹೊರೆ ಸೌದೆ ಸುಟ್ಟು ಬೇಯಿಸಿದರೂ ಅದು ಸಾರಿನಲ್ಲಿ ಕಾಳುಕಾಳಾಗಿ ಉಳಿಯುತ್ತಿತ್ತು. ಆದ್ದರಿಂದ ನಮ್ಮ ಸಾಲಿನ ಹೆಂಗಸರು ಬೇಳೆಗೆಂದೇ ಬೆಳಗ್ಗೆ ಒಂದೊಂದು ಬಿಂದಿಗೆ ನೀರನ್ನು ಬೇರೆ ಕಡೆಯಿಂದ ತರುತ್ತಿದ್ದರು. ಪುಟ್ಟೇನಹಳ್ಳಿಗೆ ಹೋಗುವ ದಾರಿಯಲ್ಲಿ ಬಂಡೆಗಳ ನಡುವೆ ಒಂದು ಕುಂಟೆಯಿತ್ತು. ಬಂಡೆಯ ಮೇಲೆ ಬಿದ್ದ ಮಳೆ ಜಾರಿ ಬಂದು ನಿಂತ ನೀರು ಅದು. ದಂಡೆ ಕಡಿದಾಗಿದ್ದುದರಿಂದ ದನಗಳು ಇಳಿಯುತ್ತಿರಲಿಲ್ಲ. ಅತ್ತಿಗೆ ಮದುವೆಯಾಗಿ ಬಂದ ಮೇಲೆ ಆ ಬಿಂದಿಗೆ ಅವರ ಸೊಂಟಕ್ಕೆ ಬಂತು. ಅವರು ಅದನ್ನು ಕೆಲಸವೆಂದು ಎಣಿಸಿರಲಿಲ್ಲ. ಹೊರಗಿನ ಗಾಳಿ ಅವರಿಗೆ ಸಿಗುತ್ತಿದ್ದುದು ಆ ದಾರಿಯಲ್ಲಿ ಮಾತ್ರ.

ಬಿಂದಿಗೆಯ ಬಾಯಿಗೆ ಹಳೆಯ ಸೀರೆಯ ತುಂಡೊಂದನ್ನು ಮಡಿಸಿ ಕಟ್ಟಿ, ಅದರ ಮೂಲಕ ನೀರು ಶೋಧಿಸಿ ತುಂಬುವುದು ರೂಢಿ. ಬಟ್ಟೆಯ ಮೇಲೆ ತೆಳುವಾದ ಹಸಿರು ಉಳಿಯುತ್ತಿತ್ತು. ಅತ್ತಿಗೆ ಬಟ್ಟೆಯನ್ನು ಜಾಲಿಸಿ ಹಿತ್ತಲಿನ ತಂತಿಗೆ ಹರವುತ್ತಿದ್ದರು; ಹಸಿರು ಪೂರ್ತಿ ಹೋಗುತ್ತಿರಲಿಲ್ಲ.

ಮರದ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಅಣ್ಣನಿಗೆ ವಿಷಮಶೀತಜ್ವರ ಹಿಡಿಯಿತು. ವೈದ್ಯರು ಬಂದು, ಇದು ನೀರಿನಿಂದ ಬರುವ ಜ್ವರ, ಯಾವ ನೀರು ಬಳಸುತ್ತೀರಿ ಎಂದು ಕೇಳಿದರು. ಆ ಹೊತ್ತಿಗೆ ಮನೆಯಲ್ಲಿದ್ದ ಸೋದರತ್ತೆ ಹಿತ್ತಲಿಗೆ ಹೋಗಿ, ತಂತಿಯ ಮೇಲಿದ್ದ ಬಟ್ಟೆಯನ್ನು ತಂದು ಅವರ ಮುಂದೆ ಹಿಡಿದರು. ವೈದ್ಯರು ಹಸಿರನ್ನು ನೋಡಿ, ಇನ್ನು ಈ ನೀರು ಬೇಡ ಎಂದಷ್ಟೇ ಹೇಳಿ ಹೋದರು. ಯಾವ ವೈದ್ಯರಾದರೂ ಹಾಗೆಯೇ ಹೇಳುತ್ತಿದ್ದರು. ಆದರೆ ಅಣ್ಣ ಉಳಿಯಲಿಲ್ಲ. ಅವನು ಹೋದ ಮೇಲೆ ಆ ಎಚ್ಚರಿಕೆಯ ಮಾತೇ ತೀರ್ಪಾಯಿತು.

“ಇನ್ಮೇಲೆ ಇವಳು ನೀರು ಮುಟ್ಟೋದು ಬೇಡ” ಎಂದರು ಸೋದರತ್ತೆ. ಅವ್ವ ದುಃಖದಲ್ಲಿ ಮುಳುಗಿದ್ದಳು; ಅದನ್ನು ತಡೆಯಲಿಲ್ಲ.

ಒಂದು ಮನೆಯಲ್ಲಿ ನೀರು ಮುಟ್ಟದೆ ಬದುಕುವುದೆಂದರೆ ಏನೆಂದು ಯೋಚಿಸಿ. ಅತ್ತಿಗೆ ಬಾವಿಯ ಹಗ್ಗ ಹಿಡಿಯುವಂತಿರಲಿಲ್ಲ, ಹಂಡೆಯಿಂದ ತೋಡಿಕೊಳ್ಳುವಂತಿರಲಿಲ್ಲ. ಮೈತೊಳೆಯಲು ಯಾರಾದರೂ ಬಕೆಟ್ಟಿಗೆ ಸುರಿದು ಇಡಬೇಕು. ಬಾಯಾರಿದರೆ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಲ್ಲುವರು, ಕೇಳುತ್ತಿರಲಿಲ್ಲ. ಅವ್ವ ತಿರುಗಿ ನೋಡುವವರೆಗೆ ನಿಂತೇ ಇರುವರು. ತವರಿನಲ್ಲಿ ಅವರ ಅಣ್ಣನ ಸಂಸಾರವಿತ್ತು; ಒಮ್ಮೆ ಹೋದರು, ಹಬ್ಬ ಮುಗಿದ ಕೂಡಲೇ ತಿರುಗಿ ಕಳಿಸಿಕೊಟ್ಟರು. ಕುಂಟೆಯ ದಾರಿ ಮುಚ್ಚಿತು. ನಮ್ಮ ಸಾರಿನಲ್ಲಿ ಬೇಳೆ ಮತ್ತೆ ಕಾಳುಕಾಳಾಯಿತು, ಎಲ್ಲರೂ ತಲೆ ತಗ್ಗಿಸಿ ಉಂಡೆವು.

ನಾನು ಹೈಸ್ಕೂಲು ಬಿಟ್ಟು ಗಾಂಧಿ ಬಜಾರಿನ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದೆ. ಅಲ್ಲಿ ನಿವೃತ್ತ ವೈದ್ಯರೊಬ್ಬರು ರಿಪೇರಿಗೆ ಬಿಟ್ಟುಹೋಗಿ ಮತ್ತೆ ಒಯ್ಯದಿದ್ದ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕವಿತ್ತು. ಅಂಗಡಿಯ ಯಜಮಾನರು ರಜೆಯ ದಿನ ಅದನ್ನು ಮನೆಗೆ ಒಯ್ಯಲು ಬಿಡುತ್ತಿದ್ದರು. ನಾನು ಮೊದಲು ನೋಡಿದ್ದು ಕುಂಟೆಯ ನೀರನ್ನೇ. ಅಣ್ಣನನ್ನು ಕೊಂದದ್ದು ಅದರಲ್ಲಿ ನಿಜವಾಗಿ ಇದೆಯೇ ಎಂದು ನಾನೇ ನೋಡಬೇಕಿತ್ತು.

ಕುಂಟೆಯಲ್ಲಿ ಬೇರಿಲ್ಲದೆ ತೇಲುವ, ಹಳದಿ ಹೂ ಬಿಡುವ ಒಂದು ನೀರುಗಿಡವಿತ್ತು. ಅದರ ಎಳೆಗಳಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳು. ಹತ್ತಿರ ಸುಳಿದ ನೀರುಹುಳುವನ್ನು ಆ ಚೀಲ ಒಳಗೆಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಆ ಗಿಡವನ್ನು ಹಿಂಡಿ, ಬಂದ ಹಸಿರು ನೀರಿನ ಒಂದು ಹನಿಯನ್ನು ಇಂಕ್ ಫಿಲ್ಲರಿನಿಂದ ಗಾಜಿನ ಮೇಲಿಟ್ಟು ನೋಡಿದೆ. ಕೊಳೆಯ ಸುಳಿವಿರಲಿಲ್ಲ; ಕಂಡದ್ದು ಬಗೆಬಗೆಯ ಪುಟ್ಟ ಜೀವಿಗಳು. ಒಂದು ಬಿದಿಗೆ ಚಂದ್ರನಂತೆ ಬಾಗಿತ್ತು. ಇನ್ನೊಂದು, ಎರಡು ಅವರೆಕಾಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಂತಿತ್ತು. ಮೂರು ಕೊಂಬಿನವು, ಮುಳ್ಳಿನವು, ಅಂಚನ್ನು ಕತ್ತರಿಯಿಂದ ಸೀಳಿಸೀಳಿ ಚಿತ್ತಾರ ಮಾಡಿದಂಥ ದುಂಡುಬಿಲ್ಲೆಗಳು. ಎಲ್ಲವೂ ಎಲೆಹಸಿರು, ಹೆಚ್ಚಿನವಕ್ಕೆ ನಡುವಿನಲ್ಲಿ ಕಿರಿದಾದ ಸೊಂಟ, ಅದರ ಎರಡು ಕಡೆಗೂ ಒಂದರ ಪಡಿಯಚ್ಚಿನಂತೆ ಇನ್ನೊಂದು ಅರ್ಧ. ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹರಕು ಇಂಗ್ಲಿಷ್ ಪುಸ್ತಕವೊಂದನ್ನು ನಿಘಂಟು ಇಟ್ಟುಕೊಂಡು ಓದಿದಾಗ ಇವು ಡೆಸ್ಮಿಡ್‌ಗಳೆಂಬ ಏಕಕೋಶದ ಪಾಚಿಗಳು ಎಂದು ತಿಳಿಯಿತು. ಅವು ಮರಿ ಮಾಡುವ ಕ್ರಮವೂ ವಿಚಿತ್ರ: ಸೊಂಟದಲ್ಲಿ ಎರಡಾಗಿ, ಪ್ರತಿ ಹಳೆಯ ಅರ್ಧವೂ ತನ್ನಂತೆಯೇ ಒಂದು ಹೊಸ ಅರ್ಧವನ್ನು ಬೆಳೆಸಿಕೊಳ್ಳುತ್ತದೆ. ನಮ್ಮ ಬಳಗದ ಆ ಕಥೆಯೂ ಹೀಗೆಯೇ ಬೆಳೆಯಿತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೇಳಿಸಿಕೊಂಡದ್ದು ಅರ್ಧ, ಉಳಿದ ಅರ್ಧವನ್ನು ಹೇಳುವವರು ಅದಕ್ಕೆ ಸರಿಹೊಂದುವಂತೆ ತಾವೇ ಕಟ್ಟಿಕೊಂಡರು.

ಆ ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಈ ಜೀವಿಗಳಲ್ಲಿ ಬಹುಪಾಲಿನವು ಮೆದು ನೀರನ್ನೇ ಬಯಸುತ್ತವೆ; ಸುಣ್ಣ ಹೆಚ್ಚಾದ ನೀರಿನಲ್ಲಿ, ಗೊಬ್ಬರ, ಹೊಲಸು ಸೇರಿದ ನೀರಿನಲ್ಲಿ ಅವುಗಳ ಬಗೆಗಳು ಕಡಿಮೆಯಾಗುತ್ತವೆ. ಬೇಳೆ ಬೇಯುವ ನೀರೇ ಅವುಗಳ ನೀರು ಎಂದು ನಾನು ಅರ್ಥ ಮಾಡಿಕೊಂಡೆ. ಬಟ್ಟೆಯ ಮೇಲಿನ ಆ ಹಸಿರು, ನೀರು ಕೆಟ್ಟಿದೆ ಎಂಬುದರ ಗುರುತಾಗಿರಲಿಲ್ಲ.

ಆದರೆ ಪುಸ್ತಕವೂ ಹಿರಿಯರ ಹಾಗೆಯೇ. ಅಚ್ಚಾಗಿದೆ ಎಂದು ನಂಬಬಾರದು. ಬಾವಿಯ ನೀರನ್ನು ನೋಡಿದೆ, ಒಂದೂ ಡೆಸ್ಮಿಡ್ ಇರಲಿಲ್ಲ. ಆದರೆ ಬಾವಿಯೊಳಗೆ ಕತ್ತಲು, ಕತ್ತಲಲ್ಲಿ ಹಸಿರು ಹೇಗೆ ಬಂದೀತು? ಅದು ಪುರಾವೆಯಲ್ಲ. ಆದ್ದರಿಂದ ಎರಡೂ ನೀರನ್ನು ಎರಡು ಸೀಸೆಗಳಲ್ಲಿ ತುಂಬಿ, ಕುಂಟೆಯ ಗಿಡದ ಚೂರನ್ನು ಎರಡಕ್ಕೂ ಹಾಕಿ, ಒಂದೇ ಕಿಟಕಿಯ ಬೆಳಕಿನಲ್ಲಿಟ್ಟೆ. ಕುಂಟೆಯ ಸೀಸೆಯಲ್ಲಿ ಅವು ಚೆನ್ನಾಗಿದ್ದವು. ಬಾವಿಯ ಸೀಸೆಯಲ್ಲಿ ಬಿಟ್ಟವು ಬಣ್ಣಗೆಟ್ಟು, ಹಸಿರೆಲ್ಲ ನಡುವಿಗೆ ಮುದುಡಿ, ಬರಿಯ ಚಿಪ್ಪುಗಳಾದವು. ಅವುಗಳ ಜಾಗದಲ್ಲಿ ಕಪ್ಪು-ನೀಲಿ ಲೋಳೆ ಕಟ್ಟಿ ನಾತ ಹೊಡೆಯಿತು. ಮತ್ತೆ ಮಾಡಿದೆ. ಮತ್ತೆ ಹಾಗೆಯೇ ಆಯಿತು.

ಅತ್ತಿಗೆ ದೂರದಿಂದ ನೋಡುತ್ತಿದ್ದರು. ಗಾಜಿನ ಮೇಲಿನ ಹನಿ ನೀರಲ್ಲವೇ, ಅದನ್ನು ನೋಡಬಹುದೇ ಎಂಬ ಅನುಮಾನ ಅವರಿಗೆ. ಮುಟ್ಟುವುದು ಬೇಡ, ಕಣ್ಣಿಟ್ಟರೆ ಸಾಕು ಎಂದೆ. ಆ ಬಾಗಿದ ಚಂದ್ರನಂಥದ್ದರ ಎರಡು ತುದಿಗಳಲ್ಲೂ ಒಂದೊಂದು ಪುಟ್ಟ ಕೋಣೆಯಿದೆ. ಅದರೊಳಗೆ ಸಣ್ಣ ಹರಳುಗಳು ಕುದಿಯುವಂತೆ ಸದಾ ತುಯ್ದಾಡುತ್ತಿರುತ್ತವೆ. ಅತ್ತಿಗೆ ಬಹಳ ಹೊತ್ತು ಅದನ್ನೇ ನೋಡಿದರು.

“ಇದ್ಯಾಕೆ ಹಿಂಗೆ ಒದ್ದಾಡ್ತಿದೆ? ಆಚೆ ಬರಲ್ವಾ?”

“ಬರಲ್ಲ ಅತ್ತಿಗೆ. ಇರೋವರ್ಗೂ ಅಲ್ಲೇ.”

“ಹಂಗಾದ್ರೆ ಅದನ್ನೂ ಅತ್ತೆಮನೆಗೆ ಕೊಟ್ಟಿದಾರೆ ಅನ್ನು.”

ಅಣ್ಣ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡದ್ದು ಅಂದೇ.

ಅಂದೇ ನನಗೆ ಬಹಳ ದಿನದಿಂದ ಕಣ್ಣ ಮುಂದಿದ್ದ ಒಂದು ಸಂಗತಿ ಹೊಳೆಯಿತು. ಕುಂಟೆಯ ನೀರನ್ನು ಅಣ್ಣ ಒಂದು ಗುಟುಕೂ ಹಸಿಯಾಗಿ ಕುಡಿದವನಲ್ಲ. ಅದು ಬೇಳೆಯ ಜೊತೆ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ನೀರು. ಕುದಿಸದೆ ಕುಡಿಯುತ್ತಿದ್ದುದು ಬಾವಿಯದು. ನಮ್ಮದು ಲಿಂಗಪೂಜೆಯ ಮನೆ. ಪೂಜೆಯ ನೀರಿಗೆ ಅಗ್ಘವಣಿ ಎನ್ನುತ್ತೇವೆ. ಅವ್ವ ಸೂರ್ಯ ಮೂಡುವ ಮೊದಲು ಮಿಂದು, ಮಡಿಯಲ್ಲಿ ತಾನೇ ಸೇದಿ ತರುವಳು. ಅದನ್ನು ಒಲೆಗೆ ಇಡುವ ಪದ್ಧತಿಯಿಲ್ಲ. ಪೂಜೆ ಮುಗಿದ ಮೇಲೆ ಅಣ್ಣ ಅದನ್ನೇ ತೀರ್ಥವೆಂದು ಕುಡಿದು ಕೆಲಸಕ್ಕೆ ಹೋಗುತ್ತಿದ್ದ. ಮನೆ ಕಟ್ಟುವಾಗ ಕಕ್ಕಸಿನ ಗುಂಡಿಯನ್ನು ತೋಡಿದ್ದು ಬಾವಿಗಿಂತ ಎತ್ತರದ ನೆಲದಲ್ಲಿ; ಅಲ್ಲಿ ಇಂಗಿದ್ದು ಇಳಿಯುವುದು ಬಾವಿಯ ಕಡೆಗೇ.

ಇದನ್ನು ಅತ್ತಿಗೆಗೆ ಹೇಳಿದೆ.

“ಅತ್ತೆ ಹತ್ರ ಇದನ್ನ ಹೇಳ್ಬೇಡ.”

“ನಿಮ್ಮ ಮೇಲಿರೋ ಮಾತು ಹೋಗೋದು ಬೇಡ್ವಾ?”

“ಎಲ್ಲಿಗೆ ಹೋಗುತ್ತಪ್ಪ ಅದು? ನನ್ನ ಬಿಟ್ಟು ಅವರ ಮೇಲೆ ಕೂರುತ್ತೆ. ಮಗನಿಗೆ ಕೈಯಾರೆ ತಂದು ಕೊಟ್ಟಿದ್ದು ಅಂತ ಗೊತ್ತಾದ್ರೆ ಆ ಜೀವ ಉಳಿಯುತ್ತಾ? ನಾನು ಹೊಸ್ತಿಲಲ್ಲಿ ನಿಲ್ಲೋದು ಕಲ್ತಿದೀನಿ. ಅವರಿಗೆ ಈ ವಯಸ್ಸಲ್ಲಿ ಕಲಿಯಕ್ಕಾಗಲ್ಲ.”

ನಾನು ಮಾತು ಕೊಟ್ಟೆ. ಅಂದಿನಿಂದ ಆ ಮನೆಯಲ್ಲಿ ನನಗೂ ಉಸಿರುಕಟ್ಟಿತು. ಅತ್ತಿಗೆಯನ್ನು ಬಿಡಿಸುವ ಕೀಲಿ ನನ್ನ ಕೈಯಲ್ಲಿತ್ತು. ಅದನ್ನು ತಿರುಗಿಸಿದರೆ ಅದೇ ಬಾಗಿಲು ಅವ್ವನ ಮೇಲೆ ಮುಚ್ಚುತ್ತಿತ್ತು. ಅವ್ವ ಬೆಳಗಿನ ಜಾವ ಬಾವಿಗೆ ಹೋಗುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ನನಗೆ ಬಂದ ತೀರ್ಥವನ್ನು ಕುಡಿದಂತೆ ಮಾಡಿ ಹಿತ್ತಲಿಗೆ ಚೆಲ್ಲುತ್ತಿದ್ದೆ. ಬಾವಿಗೆ ಔಷಧಿಯ ಪುಡಿ ಹಾಕಿಸೋಣವೆಂದು ಅವ್ವನಿಗೆ ಸುಮ್ಮನೆ ಹೇಳಿ ನೋಡಿದೆ. ದೇವರ ನೀರಿಗೆ ವಾಸನೆ ಹತ್ತಿಸಬೇಡ ಎಂದಳು.

ಕುಂಟೆಯ ವಿಷಯವನ್ನಷ್ಟೇ ಹೇಳಲು ಅಡ್ಡಿಯಿಲ್ಲವೆಂದು ಕೊನೆಗೆ ನಿರ್ಧರಿಸಿದೆ. ಒಂದು ರಜೆಯ ಮಧ್ಯಾಹ್ನ ಸೋದರತ್ತೆ ಬಂದಿದ್ದರು, ಪಕ್ಕದ ಮನೆಯವರಿಗೆ ಅದೇ ಕಥೆಯನ್ನು ಹೇಳಿ ಕಳಿಸಿ ಒಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಅವ್ವನನ್ನು ಕಿಟಕಿಯ ಹತ್ತಿರ ಕರೆದು, ಕುಂಟೆಯ ಪಾಚಿ ಹೇಗಿದೆ ನೋಡು ಎಂದೆ. ಅವಳು ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯನ್ನು ಅಡ್ಡ ಹಿಡಿದು ನೋಡಿದಳು. ಗಾಜಿನ ಮೇಲೆ ಆಗ ಅಂಚು ಸೀಳಿದ ಬಿಲ್ಲೆಯೊಂದಿತ್ತು.

“ಹೊಸ್ತಿಲ ರಂಗೋಲಿ ಇದ್ದಂಗಿದೆ” ಎಂದಳು. ಕಣ್ಣು ತೆಗೆಯದೆಯೇ, “ಕೊಳೆ ಎಲ್ಲೋ?” ಎಂದಳು.

“ಇಲ್ಲ ಅವ್ವ. ಬಟ್ಟೆ ಮೇಲಿದ್ದಿದ್ದು ಇದೇ. ಕೆಟ್ಟ ನೀರಲ್ಲಿ ಇದು ಇರಲ್ಲ.”

ಅವಳು ತಲೆಯೆತ್ತಿದಾಗ ಕಣ್ಣು ಲೋಳೆ ಕಟ್ಟಿದ ಇನ್ನೊಂದು ಸೀಸೆಯ ಮೇಲೆ ಬಿತ್ತು. ನಾನು ಅದನ್ನು ಮೊದಲೇ ಎತ್ತಿಡಬೇಕೆಂದಿದ್ದೆ. ಕರೆದ ಕೂಡಲೇ ಅವಳು ಬರುವಳೆಂದು ಎಣಿಸಿರಲಿಲ್ಲ.

“ಅದ್ಯಾವ ನೀರು? ನಮ್ಮ ಬಾವಿದಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಬಂದು, ಆ ಸೀಸೆಯನ್ನು ಎತ್ತಿಕೊಂಡು ಹೋಗಿ ಕರಿಬೇವಿನ ಬುಡಕ್ಕೆ ಸುರಿದುಬಿಟ್ಟರು. “ಹಳೇದು ಅತ್ತೆ. ನಾರ್ತಿತ್ತು.”

ಒಳಗಿನಿಂದ ಸೋದರತ್ತೆ ಇದನ್ನು ಕಂಡರು. “ನೋಡಿದ್ಯಾ, ನೀರು ಮುಟ್ಟಿದ್ಲು” ಎಂದರು.

ಅವ್ವ ಕರಿಬೇವಿನ ಬುಡದ ಒದ್ದೆ ಮಣ್ಣನ್ನು ನೋಡಿದಳು. ಖಾಲಿ ಸೀಸೆ ಹಿಡಿದು ನಿಂತಿದ್ದ ಸೊಸೆಯ ಕೈಯನ್ನು ನೋಡಿದಳು. “ಮುಟ್ಟಲಿ ಬಿಡಿ” ಎಂದಳು.

ಮರುದಿನ ಬೆಳಗ್ಗೆ ಅವ್ವ ಬಾವಿಯಿಂದ ತಂದ ಅಗ್ಘವಣಿಯನ್ನು ಒಲೆಯ ಮೇಲಿಟ್ಟು ಕುದಿಸಿ ಆರಿಸಿದಳು. ಆಮೇಲೆ ಮೂಲೆಯಲ್ಲಿ ಬೋರಲು ಹಾಕಿದ್ದ ಬಿಂದಿಗೆಯನ್ನು ತಂದು ಅತ್ತಿಗೆಯ ಮುಂದಿಟ್ಟಳು.

“ಬೇಳೆ ಬೇಯ್ತಾ ಇಲ್ಲ ಕಣೆ. ಹೋಗಿ ಒಂದು ಬಿಂದಿಗೆ ತಗೊಂಬಾ.”

ಬಾಗಿಲು ತೆರೆದದ್ದು ಕುಂಟೆಯವರೆಗೆ ಮಾತ್ರ. ಅರುವತ್ತರ ದಶಕದಲ್ಲಿ ನಮ್ಮ ಸಾಲಿಗೆ ನಲ್ಲಿ ಬಂತು; ಮನೆಗೆ ಅನುಕೂಲವಾಯಿತು, ಅತ್ತಿಗೆಗೆ ಹೊರಗೆ ಹೋಗುವ ನೆಪ ತಪ್ಪಿತು. ಮುಂದೆ ಕುಂಟೆಯನ್ನೂ ಕಲ್ಲುಮಣ್ಣು ಸುರಿದು ಮುಚ್ಚಿದರು. ಕೊನೆಯವರೆಗೂ ಅವ್ವ ಬಾವಿಯ ಮಾತೆತ್ತಲಿಲ್ಲ. ಅವಳಿಗೆ ಎಷ್ಟು ತಿಳಿದಿತ್ತೆಂದು ನಾನು ಹೇಳಲಾರೆ. ಬಳಗದವರ ಕಥೆಗೆ ಮಾತ್ರ ಏನೂ ಆಗಲಿಲ್ಲ, ಸೋದರತ್ತೆಯ ಬಾಯಿಂದ ಮಕ್ಕಳ ಬಾಯಿಗೆ ಬಂತು.

ನಾನು ಬಾವಿಯ ಮೇಲೆ ತೀರ್ಪು ಕೊಡುತ್ತಿಲ್ಲ. ಅಣ್ಣ ಮಿಲ್ಲಿನಲ್ಲಿ, ಹೋಟೆಲಿನಲ್ಲಿ ನೀರು ಕುಡಿದಿರಬಹುದು. ಡೆಸ್ಮಿಡ್ ಇದ್ದ ಮಾತ್ರಕ್ಕೆ ನೀರಿನಲ್ಲಿ ಜ್ವರದ ಕ್ರಿಮಿ ಇರಲಾರದೆಂದು ಯಾರೂ ಪ್ರಮಾಣ ಮಾಡಲಾರರು. ಹಸಿರು ಬಟ್ಟೆಯೊಂದನ್ನು ತೋರಿಸಿ, ಕುದಿಸಿದ ನೀರಿನ ಮೇಲೆ, ಅದನ್ನು ಹೊತ್ತು ತಂದವಳ ಮೇಲೆ ಹೊರಿಸಿದ ಅಪವಾದವನ್ನು ಒಪ್ಪುವುದಿಲ್ಲ ಎನ್ನುತ್ತಿದ್ದೇನೆ, ಅಷ್ಟೇ.

ಅವ್ವ ಹೋಗಿ ಬಹಳ ವರ್ಷವಾದ ಮೇಲೆ, ಈಗ ಬರೆಯಲೇ ಎಂದು ಅತ್ತಿಗೆಯನ್ನು ಕೇಳಿದೆ. ಅವರು ಇದೇ ಮನೆಯಲ್ಲಿ ನನ್ನ ಸಂಸಾರದ ಜೊತೆಗಿದ್ದಾರೆ. ಇಂದಿಗೂ ನಲ್ಲಿಗೆ ಬಟ್ಟೆ ಕಟ್ಟಿಯೇ ನೀರು ಹಿಡಿಯುತ್ತಾರೆ. “ಬರಿ. ಅತ್ತೆ ಬಗ್ಗೆ ನೋಡ್ಕೊಂಡು ಬರಿ” ಎಂದರು.

ನೋಡಿಕೊಂಡೇ ಬರೆದಿದ್ದೇನೆ. ನಂಬಲಾರದವರು ನನ್ನನ್ನು ನಂಬಬೇಕಿಲ್ಲ. ಬಾವಿಯ ಕಲ್ಲಿನ ಬಳೆ ಹಿತ್ತಲಿನ ಚಪ್ಪಡಿಯ ಕೆಳಗಿದೆ, ಗುಂಡಿಯ ಗುರುತೂ ಇದೆ; ಅಳತೆಪಟ್ಟಿ ತಂದು ನಡುವಿನ ಅಂತರವನ್ನು ಅಳೆದುಕೊಳ್ಳಬಹುದು. ಅವ್ವ ಕಣ್ಣಿಟ್ಟು ನೋಡಿದ ಆ ಗಾಜಿನ ಪಟ್ಟಿಯನ್ನು ನಾನು ಗ್ಲಿಸರಿನ್ ಹಾಕಿ, ಅಂಗಡಿಯಲ್ಲಿ ಗಾಜಿಗೆ ಗಾಜು ಅಂಟಿಸಲು ಬಳಸುತ್ತಿದ್ದ ಅಂಟಿನಿಂದ ಅಂಚು ಮುಚ್ಚಿ ಇಟ್ಟಿದ್ದೆ. ಹಸಿರು ಎಂದೋ ಹೋಗಿದೆ. ಚಿಪ್ಪುಗಳು ಹಾಗೆಯೇ ಇವೆ, ಎರಡೆರಡು ಅರ್ಧಗಳು, ಸೊಂಟ ಮುರಿಯದೆ. ಆ ಹಿತ್ತಾಳೆಯ ಸೂಕ್ಷ್ಮದರ್ಶಕವೂ ನನ್ನ ಬಳಿಯೇ ಉಳಿದಿದೆ. ಬರುವವರು ಹಗಲಿನಲ್ಲಿ ಬನ್ನಿ. ಅದಕ್ಕೆ ದೀಪವಿಲ್ಲ, ಕಿಟಕಿಯ ಬೆಳಕನ್ನು ಹಿಡಿಯುವ ಕನ್ನಡಿ ಮಾತ್ರ ಇದೆ.