ಮಗನನ್ನು ಅಪ್ಪಾ ಎಂದವರು

ಆಸ್ಟ್ರೇಲಿಯಾದ ಪರ್ತ್ ನಗರದ ವಿಲೆಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ಅಂಕಲ್‌ಗೆ ಬಲಗೈ ತೋರುಬೆರಳು ಸೊಟ್ಟಗಿತ್ತು. ಮಾತಾಡುವಾಗ ಆ ಬೆರಳಿನಿಂದ ಗಾಳಿಯಲ್ಲೇ ಏನನ್ನೋ ಗೀಟೆಳೆದು ಹೊಡೆದುಹಾಕುತ್ತಿದ್ದರು. ಆಡಿದ ಪದ ತಮಗೇ ಒಪ್ಪಿಗೆಯಾಗಿಲ್ಲ ಅಂತ ಅರ್ಥ. ಕಸದ ಬಿನ್ ರಸ್ತೆಗೆ ತಳ್ಳುವಾಗಲೂ ಅದೇ ಕೆಲಸ. ಈಯಪ್ಪನಿಗೆ ಏನೋ ಆಗಿದೆ ಅಂದುಕೊಂಡಿದ್ದೆ ಮೊದಮೊದಲು.

ರಷ್ಯಾದಲ್ಲಿ ಒಂದು ಕಾದಂಬರಿ ಬರೆದ ತಪ್ಪಿಗೆ ದೇಶ ಬಿಡಬೇಕಾಗಿ ಬಂದ ಲೇಖಕರು ಅವರು. ತಾಯಿಯಿಲ್ಲದ ಪುಟ್ಟ ಮಗನನ್ನು ಎತ್ತಿಕೊಂಡು ಪರ್ತ್‌ಗೆ ಬಂದು, ಹೊಟ್ಟೆಪಾಡಿಗೆ ಕಂಡವರ ಕಾಗದಪತ್ರ ಅನುವಾದಿಸಿದರು. ಶಾಲೆಯಲ್ಲಿ ಮಗನನ್ನು ಯಾರೂ ಆಡಿಕೊಳ್ಳಬಾರದೆಂದು ಮನೆಯಲ್ಲೂ ಇಂಗ್ಲಿಷೇ. ಆ ಮಗ ಈಗ ಬ್ರಿಸ್ಬೇನಿನಲ್ಲಿದ್ದಾನೆ. ರಷ್ಯನ್ ಒಂದಕ್ಷರ ಬಾರದು. ಅವನು ಓದಲೆಂದೇ ಅಂಕಲ್ ಮುದಿವಯಸ್ಸಿನಲ್ಲಿ ತಮ್ಮ ಕಾದಂಬರಿಯನ್ನು ಇಂಗ್ಲಿಷಿಗೆ ತರುತ್ತಿದ್ದರು. ಬೇರೆ ಓದುಗರ ಆಸೆ ಅವರಿಗಿರಲಿಲ್ಲ.

ಒಂದು ಸಂಜೆ ನಮ್ಮ ಹಿತ್ತಿಲಲ್ಲಿ ಕಾಫಿ ಕುಡಿಯುತ್ತಿದ್ದರು. ನಾನು ಮಗಳನ್ನು, "ಬಾರಮ್ಮ, ದೋಸೆ ಆರೋಗತ್ತೆ" ಎಂದು ಕರೆದೆ. ಅವಳು ಯಥಾಪ್ರಕಾರ "ಇನ್ ಎ ಮಿನಿಟ್, ಮಮ್" ಅಂದಳು. ಅಮ್ಮ ಅಂದರೆ ತಾಯಿ ತಾನೆ, ಮಗಳನ್ನು ಯಾಕೆ ಹಾಗೆ ಕರೆದೆ ಎಂದು ಅಂಕಲ್ ಕೇಳಿದರು. ನನಗೇನು ಗೊತ್ತು! ಮುದ್ದು ಬಂದರೆ ನಾವು ಹುಡುಗಿಯನ್ನು ಅಮ್ಮಾ ಅಂತೀವಿ, ಹುಡುಗನನ್ನು ಅಪ್ಪಾ ಅಂತೀವಿ, ಅಷ್ಟೇ ಅಂದೆ.

ಅಂಕಲ್ ಲೋಟ ಕೆಳಗಿಟ್ಟರು. ಅವರ ಕಾದಂಬರಿಯಲ್ಲೂ ಒಬ್ಬ ತಂದೆ ತನ್ನ ಚಿಕ್ಕ ಮಗನನ್ನು ಅಪ್ಪಾ ಅಂತಲೇ ಕರೆಯುತ್ತಾನಂತೆ. ಅವರ ಕಡೆಯ ಹಳಬರ ಮಾತು. ಇಂಗ್ಲಿಷಿನಲ್ಲಿ ಹಾಗೇ ಬರೆದು ತಿದ್ದಲು ಕಳಿಸಿದರೆ, ಬ್ರಿಸ್ಬೇನಿನ ಮಗ ಅದನ್ನು ಕೈತಪ್ಪೆಂದು ತಿಳಿದು ಎಲ್ಲ ಕಡೆಯೂ ತೆಗೆದುಹಾಕಿದ್ದ.

ಅವನಿಗೆ ಹೇಳಬಾರದೇ ಎಂದೆ.

"ಚಿಕ್ಕವನಿದ್ದಾಗ ನಾನು ಅವನನ್ನ ಕರೀತಿದ್ದದ್ದೇ ಹಾಗೆ," ಎಂದರು. "ಮರೆತಿದಾನೆ. ಮರೀಲಿ ಅಂತ ನಾನೇ ತಾನೆ ಇಂಗ್ಲಿಷ್ ಆಡಿಸಿದ್ದು? ಈಗ ಯಾವ ಬಾಯಲ್ಲಿ ಹೇಳಲಿ?"

ಅಂದಿನಿಂದ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ನಾನು ಕಿವುಡಿಯಾಗಿಬಿಡುತ್ತೇನೆ. ಈಗೀಗ ಸಿಡುಕಿಕೊಂಡಾದರೂ "ಬಂದೆ ಅಮ್ಮಾ" ಅನ್ನುತ್ತಾಳೆ. ಅದು ಅಂಕಲ್ ಕೊಟ್ಟದ್ದು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಮಗ ಒಬ್ಬನೇ ಮನೆ ಖಾಲಿ ಮಾಡುತ್ತಿದ್ದ. ತಡೆಯಲಾರದೆ ಹೇಳಿಬಿಟ್ಟೆ: ನೀನು ತೆಗೆದುಹಾಕಿದ ಆ ಪದ ಕೈತಪ್ಪಲ್ಲ, ನಿನ್ನನ್ನೇ ನಿಮ್ಮಪ್ಪ ಹಾಗೆ ಕರೆಯುತ್ತಿದ್ದರು ಎಂದು. ಅವನು ಕಪಾಟಿನಿಂದ ಅಪ್ಪನ ಕಾದಂಬರಿಯ ರಷ್ಯನ್ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದು, "ಎಲ್ಲಿದೆ, ತೋರಿಸಿ," ಎಂದ. ಇಬ್ಬರೂ ಕೂತು ಪುಟ ತಿರುವಿದೆವು. ಇಬ್ಬರಿಗೂ ಓದಲು ಬರುತ್ತಿರಲಿಲ್ಲ.